ಕೇಳಿ, ಹೇಳ್ತೇನೆ: ನಮ್ಮೂರು ಯಾಕೆ ಸ್ಮಾರ್ಟ್ ಸಿಟಿ ಅಲ್ಲ?

ಪ್ರಶ್ನೆ: ಮಂಗಳೂರು ಸ್ಮಾರ್ಟ್ ಸಿಟಿ ಆಯಿತು. ಇಲ್ಲೇ ಪಕ್ಕದ ಕಾಸರಗೋಡು ಯಾಕೆ ಆಗಲಿಲ್ಲ? ಸೆನ್ಸರ್, ಕ್ಯಾಮೆರಾ ಹಾಕಿದರೆ ನಮ್ಮೂರೂ ಸುಧಾರಿಸುತ್ತದೆ ಅಲ್ವಾ?
- ಪದವಿ ವಿದ್ಯಾರ್ಥಿನಿ, ವಿದ್ಯಾನಗರ

ಉತ್ತರ: 2015ರ ಜೂನ್‌ನಲ್ಲಿ ಶುರುವಾದ ಕೇಂದ್ರದ ಯೋಜನೆಗೆ ಆರಿಸಿದ್ದು 100 ನಗರ. ಕೇರಳಕ್ಕೆ ಸಿಕ್ಕಿದ್ದು ಎರಡೇ, ಕೊಚ್ಚಿ ಮತ್ತು ತಿರುವನಂತಪುರ. ಕರ್ನಾಟಕದ ಏಳರಲ್ಲಿ ಮಂಗಳೂರು ಒಂದು. 2025ರ ಮಾರ್ಚ್‌ಗೆ ಯೋಜನೆಯೇ ಮುಗಿಯಿತು. ಇನ್ನು ಸುಮ್ನೆ ಕಾಯಬೇಡಿ.

ಸೆನ್ಸರ್ ವಿಷಯಕ್ಕೆ ಬರೋಣ. ಬೇಸಿಗೆ ಬಂತೆಂದರೆ ಪೇಟೆಯ ನಲ್ಲಿಗಳಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ಗಂಜಿಗೆ ಬೇರೆ ಉಪ್ಪು ಬೇಡ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಪಯಸ್ವಿನಿ ಹೊಳೆ ಸೊರಗಿದಾಗ ಸಮುದ್ರದ ನೀರು, ಪೇಟೆಗೆ ನೀರೆತ್ತುವ ಬಾವಿಕ್ಕರೆಯ ಪಂಪಿನವರೆಗೂ ಏರುತ್ತಿತ್ತು. ತಡೆಯಲು ಮರಳು ಚೀಲದ ಕಟ್ಟ ಹಾಕುತ್ತಿದ್ದರು. ಅದು ಒಡೆದರೆ ಮತ್ತೆ ಉಪ್ಪು.

ನೀರಿನ ಉಪ್ಪನ್ನು ಅಳೆಯುವ ಸೆನ್ಸರ್ ಇದೆ. ಉಪ್ಪು ಜಾಸ್ತಿಯಾದಷ್ಟೂ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅದನ್ನೇ ಅಳೆದು ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಒಳ್ಳೆಯದೇ. ಆದರೆ ಆ ಸುದ್ದಿಯನ್ನು ನಮ್ಮ ನಾಲಿಗೆಯೂ ಹೇಳುತ್ತಿತ್ತಲ್ಲ! ಬೇಕಾಗಿದ್ದದ್ದು ಗಟ್ಟಿಯಾದ ಕಟ್ಟ. 2021ರಲ್ಲಿ ಬಾವಿಕ್ಕರೆಯಲ್ಲಿ ರೆಗ್ಯುಲೇಟರ್ ಎಂಬ ಶಾಶ್ವತ ಕಟ್ಟ ಆಯಿತು, ಸಿಮೆಂಟು ಮತ್ತು ಶಟರಿನದ್ದು.

ಹಾಗೆಂದು ಡಿಜಿಟಲ್ ಎಲ್ಲ ದಂಡ ಎನ್ನುತ್ತಿಲ್ಲ. ಒಂದೇ ಒಂದು ಉಪಕರಣ ಕೊಡುತ್ತೇವೆ ಎಂದರೆ ನಾನು ಕ್ಯಾಮೆರಾ ಬಿಟ್ಟು, ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಅಳೆಯುವ ಫ್ಲೋ ಮೀಟರ್ ಕೇಳುತ್ತೇನೆ. ಒಂದೊಂದು ವಾರ್ಡಿಗೆ ಹೋಗುವ ದೊಡ್ಡ ಪೈಪಿಗೆ ಒಂದೊಂದು. ರಾತ್ರಿ ಎರಡು, ಮೂರು ಗಂಟೆಗೆ ಯಾರು ಬಟ್ಟೆ ಒಗೆಯುತ್ತಾರೆ? ಆಗಲೂ ನೀರು ಜೋರಾಗಿ ಓಡುತ್ತಿದ್ದರೆ ಪೈಪ್ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ. ಆಮೇಲೆ ರಸ್ತೆ ಅಗೆದು ಸರಿಮಾಡುವ ಪ್ಲಂಬರ್ ಬೇಕು. ಟೆಂಡರಿನಲ್ಲಿ ಅವನಿಗೂ ದುಡ್ಡು ಇಟ್ಟಿದ್ದಾರಾ ಎಂದು ನಿಮ್ಮ ವಾರ್ಡ್ ಕೌನ್ಸಿಲರನ್ನು ಕೇಳಿ.

ಪ್ರಶ್ನೆ: ನಮ್ಮದು ಪಂಚಾಯತು. ನಮಗೇನು ಸ್ಮಾರ್ಟು?
- ಅಡಿಕೆ ಕೃಷಿಕ, ಪೆರ್ಲ

ಉತ್ತರ: ಹೆಸರಲ್ಲಂತೂ ಇದೆ! 2024ರ ಜನವರಿ 1ರಂದು ಕೇರಳದ ನಗರಸಭೆಗಳಲ್ಲಿ ಶುರುವಾದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಸೇವೆ 2025ರ ಏಪ್ರಿಲ್‌ನಲ್ಲಿ ಪಂಚಾಯತುಗಳಿಗೂ ಬಂತು. ಜನನ ನೋಂದಣಿ, ಮನೆ ಕಟ್ಟುವ ಪರ್ಮಿಟ್, ಕಟ್ಟಡ ತೆರಿಗೆ ಎಲ್ಲ ಅದರಲ್ಲೇ. ಮದುವೆ ನೋಂದಣಿಗೆಂದು ಗಲ್ಫಿನ ಮಗ ವಿಮಾನ ಹತ್ತಬೇಕಾಗಿಲ್ಲ, ವಿಡಿಯೋದಲ್ಲೇ ಗುರುತು ತೋರಿಸಬಹುದು. ಫೋನಿನಲ್ಲಿ ತಡಕಾಡಿ ಸುಸ್ತಾದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಅರ್ಜಿಯ ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ದೂರನ್ನು ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದಾ?
- ನಿವೃತ್ತ ಅಧ್ಯಾಪಕ, ಕುಂಬಳೆ

ಉತ್ತರ: ಧಾರಾಳವಾಗಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದರಲ್ಲಿಲ್ಲ. ಮಲಯಾಳ ಓದಲು ಬರುವ ಮೊಮ್ಮಕ್ಕಳಿದ್ದರೆ ಈಗಲೇ ಹೇಳಿಟ್ಟಿರಿ.