ಪಂಪ್‌ಶೆಡ್ಡಿಗೆ ಯಾವ ಡಿಸ್‌ಪ್ಲೇ, ಯಾವ ಬೋರ್ಡು: ನಿಮ್ಮ ಪ್ರಶ್ನೆಗೆ ಉತ್ತರ

ಅಣ್ಣ, ಟ್ಯಾಂಕಿನ ನೀರಿನ ಮಟ್ಟ ಪಂಪ್‌ಶೆಡ್ಡಿನಲ್ಲೇ ಕಾಣಬೇಕು, ಮನೆಯಲ್ಲಿ ಹಳೇ ಆರ್ಡುಯಿನೊ ಊನೊ (ನಾವೇ ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಬೋರ್ಡು) ಬಿದ್ದಿದೆ, ಆದರೆ ಅಂಗಡಿಯವರು 2.8 ಇಂಚಿನ ಬಣ್ಣದ ಟಚ್ ಡಿಸ್‌ಪ್ಲೇ, ಇಎಸ್‌ಪಿ32 (ವೈಫೈ ಇರುವ ಅಂಥದ್ದೇ ಬೋರ್ಡು), ಯುಎಸ್‌ಬಿಆಸ್ಪ್ ಪ್ರೋಗ್ರಾಮರ್ (ಚಿಪ್ಪಿಗೆ ನೇರ ಪ್ರೋಗ್ರಾಂ ತುಂಬುವ ಸಾಧನ) ಮೂರೂ ಬೇಕು ಅಂದರು ಅಂತ ಬರೆದಿದ್ದೀರಿ. ಮೊದಲನೆಯದೂ ಕೊನೆಯದೂ ಈಗ ಬೇಡ. ನಡುವಿನದ್ದು ಬೇಕೋ ಬೇಡವೋ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬೋರ್ಡಿನಿಂದ ಶುರು ಮಾಡಬೇಡಿ, ಕಣ್ಣಿನಿಂದ ಶುರು ಮಾಡಿ. ಎಲ್ಲಿ ನಿಂತು ಓದುತ್ತೀರಿ? ಅಡಿಕೆ ಮರದ ಬುಡದಿಂದಲೇ ಬಾಗಿಲೊಳಗೆ ಇಣುಕಿ ನೋಡುವವರಾದರೆ ಏಳು ಗೆರೆಯ ಕೆಂಪು ಅಂಕಿಗಳೇ ಸರಿ. ಅಂಕಿ ಬೆಳಗಿಸುವ ಟಿಎಂ1637 ಚಿಪ್ಪು ಇರುವ ನಾಲ್ಕಂಕಿಯ ಮಾಡ್ಯೂಲಿಗೆ ವಿದ್ಯುತ್ತಿನ ಎರಡು ತಂತಿ ಬಿಟ್ಟರೆ ಇನ್ನೆರಡೇ ತಂತಿ ಸಾಕು. ಕೊಳ್ಳುವಾಗ ಅಂಕಿ 0.56 ಇಂಚಿನದ್ದೇ ಕೇಳಿ, 0.36 ಇಂಚಿನದ್ದು ಮೇಜಿನ ಮೇಲಿನ ಗಡಿಯಾರಕ್ಕೆ ಸರಿ. ನಮಗೆ ಬೇಕಾದದ್ದು ‘ಎಷ್ಟು ಪರ್ಸೆಂಟ್’ ಅನ್ನುವುದೊಂದೇ ತಾನೆ.

ಹತ್ತಿರ ನಿಂತು ಓದುವುದಾದರೆ 16×2 ಎಲ್‌ಸಿಡಿ (ಸಾಲಿಗೆ 16 ಅಕ್ಷರದಂತೆ ಎರಡು ಸಾಲು), ಹಿಂದೆ ಐ2ಸಿ (ಎರಡೇ ತಂತಿಯಲ್ಲಿ ಡೇಟಾ ಕಳಿಸುವ ವಿಧಾನ) ಬೋರ್ಡು ಬೆಸೆದಿರುವಂಥದ್ದು. ಹೊಸಬರು ಇದನ್ನು ಹಚ್ಚಿ, ಬರೀ ಬಿಳಿ ಚೌಕಗಳು ಕಂಡವು, ಹಾಳಾಗಿದೆ ಅಂತ ವಾಪಸ್ ಕೊಡಲು ಓಡುತ್ತಾರೆ. ಹಾಳಾಗಿರುವುದು ಕಡಿಮೆ. ಹಿಂದಿನ ನೀಲಿ ಪೊಟೆನ್ಶಿಯೋಮೀಟರನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ನಿಧಾನ ತಿರುಗಿಸಿ. ಆಗಲೂ ಮೇಲಿನ ಸಾಲಿನಲ್ಲಿ ಚೌಕಗಳೇ ನಿಂತರೆ ಪ್ರೋಗ್ರಾಮಿನಲ್ಲಿ ಕೊಟ್ಟ ಐ2ಸಿ ವಿಳಾಸ ತಪ್ಪಿದೆ ಅಂತ ಅನುಮಾನಿಸಿ: ಸಾಮಾನ್ಯವಾಗಿ ಹೆಕ್ಸ್ 27, ಹಿಂದಿನ ಚಿಪ್ಪಿನ ಹೆಸರು ‘ಎ’ ಇಂದ ಮುಗಿದಿದ್ದರೆ 3ಎಫ್. ಐ2ಸಿ ಸ್ಕ್ಯಾನರ್ ಸ್ಕೆಚ್ (ವಿಳಾಸ ಹುಡುಕುವ ಪುಟ್ಟ ಪ್ರೋಗ್ರಾಂ) ಓಡಿಸಿದರೆ ಅದೇ ಹೇಳಿಬಿಡುತ್ತದೆ.

ಕನ್ನಡದಲ್ಲಿ ಬರಬೇಕು ಅಂತಲೂ ಕೇಳಿದ್ದೀರಿ. ಈ ಎಲ್‌ಸಿಡಿಯಲ್ಲಿ ನಾವೇ ಬರೆದು ತುಂಬಬಹುದಾದ ಅಕ್ಷರ ಎಂಟೇ, ಒಂದೊಂದೂ 5×8 ಚುಕ್ಕಿ. ಅಷ್ಟರಲ್ಲಿ ‘ನೀರು’ ಬರೆಯಲು ನಾನೊಂದು ಭಾನುವಾರ ಪೂರ್ತಿ ಕಳೆದೆ, ಮನೆಯವರು ಅದನ್ನು ತೆಲುಗು ಅಂದರು. ಕನ್ನಡವೇ ಬೇಕಿದ್ದರೆ 128×64 ಚುಕ್ಕಿಯ ಓಎಲ್‌ಇಡಿ ತಗೊಂಡು ಪದಗಳನ್ನು ಚಿತ್ರವಾಗಿ ಹಾಕಿ. ಅಕ್ಷರವಾಗಿ ಕಳಿಸಿದರೆ ಒತ್ತಕ್ಷರ, ಗುಣಿತ ತಾವಾಗಿ ಕೂಡಿಕೊಳ್ಳುವುದಿಲ್ಲ. ಒಂದು ಪರದೆ ತುಂಬ ಚಿತ್ರ ಇಟ್ಟುಕೊಳ್ಳಲು 1024 ಬೈಟ್ ಬೇಕು, ಊನೊದ ರ್‍ಯಾಮಿನಲ್ಲಿ ಇರುವುದೇ 2048, ಅಂದರೆ ಅರ್ಧ ಹೋಯಿತು. 1.3 ಇಂಚಿನದ್ದು ತಂದರೆ ಅದರೊಳಗೆ ಪರದೆ ನಡೆಸುವ ಚಿಪ್ಪು ಹೆಚ್ಚಾಗಿ ಎಸ್‌ಎಚ್1106 ಇರುತ್ತದೆ. ಎಸ್‌ಎಸ್‌ಡಿ1306 ಅನ್ನುವ ಬೇರೆ ಚಿಪ್ಪಿನ ಲೈಬ್ರರಿ ಹಾಕಿದರೆ ಚಿತ್ರ ಎರಡು ಚುಕ್ಕಿ ಪಕ್ಕಕ್ಕೆ ಸರಿದು ಅಂಚಿನಲ್ಲಿ ಕಸ ಕಾಣುತ್ತದೆ.

ಬಣ್ಣದ ಟಚ್ ಯಾಕೆ ಬೇಡ ಅಂದರೆ, ಬಿಸಿಲು ಬಿದ್ದರೆ ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮೇಲಾಗಿ ಅದರ ಸಿಗ್ನಲ್ 3.3 ವೋಲ್ಟಿನದ್ದು, ಊನೊ 5 ವೋಲ್ಟಿನದ್ದು, ನೇರ ಜೋಡಿಸುವ ಹಾಗಿಲ್ಲ.

ಈ 3.3 ಮತ್ತು 5ರ ಜಗಳವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಇಎಸ್‌ಪಿ32ಗೆ ಹೋದರೆ ಅದೇ ಜಗಳ ತಿರುಗಾ ಮುರುಗಾ ಆಗುತ್ತದೆ. ನೀರಿನ ಮಟ್ಟ ಅಳೆಯಲು ಟ್ಯಾಂಕಿನ ಮೇಲೆ ಹಾಕುವ 5 ವೋಲ್ಟಿನ ಅಲ್ಟ್ರಾಸೋನಿಕ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ) ಸೆನ್ಸರಿನ ಎಕೋ ತಂತಿಯನ್ನು 1ಕೆ, 2ಕೆ ರೆಸಿಸ್ಟರ್‌ಗಳಿಂದ ಇಳಿಸಿಯೇ ಕೊಡಬೇಕು. ಎಲ್‌ಸಿಡಿಯ ಐ2ಸಿ ಬೋರ್ಡು ತಂತಿಗಳನ್ನು 5 ವೋಲ್ಟಿಗೆ ಎಳೆದಿರುತ್ತದೆ, ಅಲ್ಲೊಂದು ಲೆವೆಲ್ ಶಿಫ್ಟರ್ (5 ಮತ್ತು 3.3 ವೋಲ್ಟನ್ನು ಹೊಂದಿಸುವ ಪುಟ್ಟ ಬೋರ್ಡು) ಹಾಕಿ. ಮಣ್ಣಿನ ತೇವದ ಸೆನ್ಸರನ್ನೂ ಮುಂದೆ ಸೇರಿಸುವುದಾದರೆ 32ರಿಂದ 39ರೊಳಗಿನ ಪಿನ್ನುಗಳಿಗೇ ಕೊಡಿ, ಎಡಿಸಿ2 ಗುಂಪಿನ (ವೋಲ್ಟೇಜ್ ಅಳೆಯುವ ಪಿನ್ನುಗಳ ಎರಡನೇ ಗುಂಪು) ಪಿನ್ನುಗಳು ವೈಫೈ ಚಾಲೂ ಇರುವಾಗ ಓದುವುದಿಲ್ಲ.

ಪ್ರೋಗ್ರಾಮರ್ ವಿಷಯ ಚಿಕ್ಕದು. ಊನೊ, ಇಎಸ್‌ಪಿ32 ಎರಡಕ್ಕೂ ಯುಎಸ್‌ಬಿ ಕೇಬಲ್ ಸಾಕು (ಡೇಟಾ ಹೋಗುವ ಕೇಬಲ್ ಇರಲಿ, ಚಾರ್ಜಿಂಗ್ ಕೇಬಲಿನಿಂದ ಮೋಸ ಹೋದವರು ಈ ಗುಂಪಿನಲ್ಲೇ ಬೇಕಾದಷ್ಟಿದ್ದೇವೆ). ಯುಎಸ್‌ಬಿಆಸ್ಪ್ ಬೇಕಾಗುವುದು ಬರೀ ಎಟಿಟೈನಿ85ರಂಥ ಚಿಪ್ಪಿಗೆ, ಇಲ್ಲವೇ ಬೋರ್ಡಿನ ಬೂಟ್‌ಲೋಡರ್ (ಯುಎಸ್‌ಬಿಯಿಂದ ಪ್ರೋಗ್ರಾಂ ತಗೊಳ್ಳುವ ಒಳಗಿನ ಪುಟ್ಟ ಪ್ರೋಗ್ರಾಂ) ಅಳಿಸಿಹೋದಾಗ. ಅಂಥ ದಿನ ಬಂದರೂ ಗೆಳೆಯರ ಇನ್ನೊಂದು ಊನೊ ತಂದು ಅದನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಬಹುದು. ಆ ಬೋರ್ಡಿನ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಫ್ಯೂಸ್ ಬಿಟ್‌ಗಳನ್ನು (ಚಿಪ್ಪಿನ ಮೂಲ ಸೆಟ್ಟಿಂಗ್‌ಗಳು) ಮಾತ್ರ ಗೊತ್ತಿಲ್ಲದೆ ಮುಟ್ಟಬೇಡಿ. ನಾನು ಕ್ಲಾಕ್ (ಚಿಪ್ಪನ್ನು ನಡೆಸುವ ಮಿಡಿತ) ಹೊರಗಿನಿಂದ ತಗೋ ಅಂತ ತಪ್ಪಿ ಒತ್ತಿದ ಚಿಪ್ಪೊಂದು ಮಾತಾಡದೆ ಇನ್ನೂ ಡಬ್ಬಿಯಲ್ಲಿದೆ.

ಇನ್ನು ಇಎಸ್‌ಪಿ32. ಟ್ಯಾಂಕು ಶೆಡ್ಡಿನ ತಲೆಯ ಮೇಲೇ ಇದ್ದರೆ ಊನೊ ಸಾಕು, ವೈಫೈ ಬೇಕಿಲ್ಲ. ಗುಡ್ಡದ ಮೇಲಿದ್ದರೆ ಸೆನ್ಸರಿನ ತಂತಿ ಅಷ್ಟುದ್ದ ಎಳೆದರೆ ಕೆಲಸ ಮಾಡದು. ಆಗ ಎರಡು ಇಎಸ್‌ಪಿ32, ಇಲ್ಲವೇ ಎರಡು ಊನೊ ನಡುವೆ ಆರ್‌ಎಸ್485 (ದೂರಕ್ಕೆ ತಂತಿಯಲ್ಲಿ ಡೇಟಾ ಕಳಿಸುವ ವಿಧಾನ). ನಾನಾದರೆ ತಂತಿಯನ್ನೇ ನಂಬುತ್ತೇನೆ, ಆದರೆ ಸಿಡಿಲಿನ ಊರಾದರೆ ತಂತಿ ಎಳೆಯಲು ನನಗೂ ಕೈ ನಡುಗುತ್ತದೆ. ನಿಮ್ಮ ಟ್ಯಾಂಕಿಗೂ ಶೆಡ್ಡಿಗೂ ಎಷ್ಟು ಮೀಟರ್, ನಡುವೆ ಮರ ಎಷ್ಟು ದಟ್ಟ ಇದೆ ತಿಳಿಸಿ. ಟ್ಯಾಂಕಿನ ಬಾಯಿಯ ಫೋಟೋ ಕೂಡ ಹಾಕಿ, ನೀರು ತಾಗಿದರೂ ತಡೆಯುವ ಅಲ್ಟ್ರಾಸೋನಿಕ್ ಸೆನ್ಸರು ತುಂಬಿದ ನೀರಿಗಿಂತ 25 ಸೆಂಟಿಮೀಟರ್ ಆದರೂ ಮೇಲೆ ಕೂರಬೇಕು.