ಬ್ರಿಟಿಷ್ ರ್‍ಯಾಪರ್ ರೆಬೆಲ್ ಎಂಸಿಯ ಮೊದಲ ಆಲ್ಬಂ ‘ರೆಬೆಲ್ ಮ್ಯೂಸಿಕ್’ನಲ್ಲಿ ಹೌಸ್ (ಎಲೆಕ್ಟ್ರಾನಿಕ್ ನೃತ್ಯಸಂಗೀತ), ಹಿಪ್-ಹಾಪ್, ಸ್ಕಾ (ಜಮೈಕಾದ ನೃತ್ಯಸಂಗೀತ) ಮೂರೂ ಹೊಂದಿಕೊಂಡದ್ದು ಹೇಗೆ?

ಗುಟ್ಟಿರುವುದು ಅರ್ಧ ಬೀಟ್‌ನಲ್ಲಿ, ಅಂದರೆ ಎರಡು ಬೀಟ್‌ಗಳ ನಟ್ಟನಡುವೆ. ಹೌಸ್‌ನಲ್ಲಿ ಕಿಕ್ ಡ್ರಮ್ ನಾಲ್ಕೂ ಬೀಟ್‌ಗೆ ಬೀಳುತ್ತದೆ, ಎರಡು ಕಿಕ್‌ಗಳ ನಡುವೆ ಓಪನ್ ಹೈ-ಹ್ಯಾಟ್. ಸ್ಕಾದ ಗಿಟಾರ್ ‘ಸ್ಕ್ಯಾಂಕ್’ (ಚುಟುಕಾದ ಕಾರ್ಡ್ ಹೊಡೆತ) ಬೀಳುವುದೂ ಸರಿಯಾಗಿ ಅಲ್ಲೇ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಅಂದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್, ಸ್ಕ್ಯಾಂಕ್ 250ಕ್ಕೆ. ಹಾಗಾಗಿ ಈ ಎರಡನ್ನು ಬೆಸೆಯುವುದು ಸುಲಭ.

ಕಷ್ಟ ಕೊಡುವುದು ಹಿಪ್-ಹಾಪ್. 90-100ರ ವೇಗಕ್ಕೆ ಬರೆದ ಸಾಲನ್ನು 120ಕ್ಕೆ ಹೇಳಿದರೆ ಉಸಿರು ಸಾಲದು, ಪದಗಳು ಕಲಸಿಹೋಗುತ್ತವೆ. ಜಮೈಕಾದ ಸೌಂಡ್ ಸಿಸ್ಟಂಗಳ ಟೋಸ್ಟಿಂಗ್ (ಸಂಗೀತದ ಮೇಲೆ ಲಯಬದ್ಧವಾಗಿ ಮಾತಾಡುವ) ಶೈಲಿಯ ಚುಟುಕು ಸಾಲುಗಳು ಇಲ್ಲಿ ಕೈಹಿಡಿಯುತ್ತವೆ. ಡಬಲ್ ಟ್ರಬಲ್ ತಂಡದ ಜೊತೆ ರೆಬೆಲ್ ಎಂಸಿ ಮಾಡಿದ ‘ಸ್ಟ್ರೀಟ್ ಟಫ್’ ಕೇಳಿ, ತಿಳಿಯುತ್ತದೆ. 1989ರಲ್ಲಿ ಅದು ಬ್ರಿಟನ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಆಲ್ಬಂ ಬಂದದ್ದು 1990ರಲ್ಲಿ.

ನೀವೇ ಮಾಡಹೊರಟರೆ ಸಾಮಾನ್ಯವಾಗಿ ಕೆಡುವುದು ಲೂಪ್, ಅಂದರೆ ಹಳೆಯ ರೆಕಾರ್ಡ್‌ನಿಂದ ತೆಗೆದು ಮತ್ತೆ ಮತ್ತೆ ನುಡಿಸುವ ತುಣುಕು. ಹಳೆಯ ಸ್ಕಾ ರೆಕಾರ್ಡ್‌ಗಳನ್ನು ಕೈಯಲ್ಲೇ ನುಡಿಸಿದ್ದು, ವೇಗ ಅಲ್ಲಲ್ಲಿ ಜಾರುತ್ತದೆ. ಎಷ್ಟೋ ಹಾಡುಗಳಲ್ಲಿ ಅರ್ಧ ಬೀಟ್ ಷಫಲ್ ಆಗಿ ತುಸು ತಡವಾಗಿಯೂ ಬರುತ್ತದೆ. ನಾಲ್ಕು ಬಾರ್‌ಗಳ ಲೂಪನ್ನು ಇಡಿಯಾಗಿ ಹಾಕಿದರೆ ಮೂರನೇ ಬಾರ್ ಹೊತ್ತಿಗೆ ಕಿಕ್‌ನಿಂದ ತಪ್ಪಿರುತ್ತದೆ. ಒಂದೊಂದೇ ಸ್ಕ್ಯಾಂಕ್ ಕತ್ತರಿಸಿ ಸಾಫ್ಟ್‌ವೇರ್‌ನ ಬೀಟ್ ಗ್ರಿಡ್‌ಗೆ ಕೂರಿಸಿ. ಷಫಲ್ ಉಳಿಸಿಕೊಳ್ಳುವ ಆಸೆಯಿದ್ದರೆ ಹೈ-ಹ್ಯಾಟನ್ನೂ ಅಷ್ಟೇ ತಡಮಾಡಿ, ಇಲ್ಲದಿದ್ದರೆ ಒಂದೇ ಹೊಡೆತ ಎರಡು ಸಲ ಕೇಳಿಸುತ್ತದೆ. ಸ್ಕ್ಯಾಂಕ್‌ನಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಬಿಡಿ. ಆ ಜಾಗ ಬೇಸ್‌ಲೈನ್‌ಗೆ ಬೇಕು. ಹಿತ್ತಾಳೆ ವಾದ್ಯಗಳನ್ನು ರ್‍ಯಾಪ್‌ನ ಕೆಳಗೆ ತುರುಕಬೇಡಿ, ಸಾಲುಗಳ ನಡುವಿನ ಬಿಡುವಿಗೆ ಇಡಿ.