ಪಾತ್ರದ ಜಾಗದಲ್ಲಿ ಉಳಿದ ಹೆಸರು

ಪ್ರಶ್ನೆ: ಶೇಕ್ಸ್‌ಪಿಯರನ ನಾಟಕಗಳ ನಾಯಕನಟ ರಿಚರ್ಡ್ ಬರ್ಬೇಜ್‌ನ ಹೆಸರನ್ನು ಕೇಳಿದ್ದೇವೆ. ಅದೇ ತಂಡದಲ್ಲಿ ಚಿಕ್ಕಪುಟ್ಟ ಪಾತ್ರ ಮಾಡುತ್ತಿದ್ದವರ ವಿಷಯ ಏನಾದರೂ ತಿಳಿದುಬರುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ತಿಳಿದುಬರುತ್ತದೆ, ಆದರೆ ಬಹುಪಾಲು ಆಕಸ್ಮಿಕವಾಗಿ. ಜಾನ್ ಸಿಂಕ್ಲೋ ಎಂಬ ನಟನನ್ನೇ ನೋಡಿ. ಆಗಿನ ಲಂಡನ್ನಿನ ತಂಡಗಳಲ್ಲಿ ಪಾಲುದಾರ ನಟರಿಗೆ ಗಳಿಕೆಯಲ್ಲಿ ಪಾಲು ಸಿಗುತ್ತಿತ್ತು. ಸಿಂಕ್ಲೋನಂಥ ಸಂಬಳದ ನಟರಿಗೆ ವಾರದ ಲೆಕ್ಕ. ರಂಗಮಂದಿರದ ಮಾಲೀಕ ಫಿಲಿಪ್ ಹೆನ್ಸ್‌ಲೋ 1597ರಲ್ಲಿ ಇಂಥ ಒಬ್ಬ ನಟನಿಗೆ ಗೊತ್ತುಮಾಡಿದ್ದು ಲಂಡನ್ನಿನಲ್ಲಿ ಆಡಿದರೆ ವಾರಕ್ಕೆ 10 ಷಿಲಿಂಗ್, ಊರೂರು ತಿರುಗುವಾಗ ಅದರ ಅರ್ಧ.

ಸಿಂಕ್ಲೋ ನರಪೇತಲ. ಅದೇ ಅವನ ಬಂಡವಾಳ. 1600ರಲ್ಲಿ ಅಚ್ಚಾದ ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿ ಇಬ್ಬರು ಹೆಂಗಸರನ್ನು ಸೆರೆಮನೆಗೆ ಎಳೆದೊಯ್ಯುವ ಪೇದೆಯೊಬ್ಬ ಬರುತ್ತಾನೆ, ಅವನ ಪ್ರವೇಶದ ಸೂಚನೆಯಲ್ಲಿ ಪಾತ್ರದ ಹೆಸರಿರಬೇಕಾದ ಕಡೆ ‘ಸಿಂಕ್ಲೋ’ ಎಂದೇ ಮುದ್ರಣವಾಗಿದೆ. ಆ ಹೆಂಗಸರಂತೂ ಅವನನ್ನು ಉಪವಾಸ ಬಿದ್ದ ಬೇಟೆನಾಯಿ, ಎಲುಬಿನ ಗೂಡು ಎಂದು ಮನಸಾರೆ ಬೈಯುತ್ತಾರೆ. ನಾಟಕಕಾರ ಬರೆಯುವಾಗಲೇ ಈ ನಟನ ಮೈಕಟ್ಟನ್ನು ಕಣ್ಣಮುಂದೆ ಇಟ್ಟುಕೊಂಡಿದ್ದನೆಂದು ವಿದ್ವಾಂಸರು ಊಹಿಸುತ್ತಾರೆ, ನನಗೂ ಹಾಗೆಯೇ ತೋರುತ್ತದೆ. ನಾಲ್ಕು ಮಾತಿನ ಪಾತ್ರಕ್ಕೆ ಇಂಥ ಗೌರವ ಸಣ್ಣದೇನಲ್ಲ, ಬೈಗುಳದ ರೂಪದಲ್ಲಿ ಬಂದರೂ!

1604ರಲ್ಲಿ ಜಾನ್ ಮಾರ್ಸ್ಟನ್‌ನ ‘ದಿ ಮಾಲ್ಕಂಟೆಂಟ್’ ನಾಟಕವನ್ನು ಈ ತಂಡ ಆಡಿದಾಗ, ಜಾನ್ ವೆಬ್‌ಸ್ಟರ್ ಬರೆದುಕೊಟ್ಟ ಪೀಠಿಕಾ ದೃಶ್ಯದಲ್ಲಿ ಸಿಂಕ್ಲೋ ಬರ್ಬೇಜ್‌ನ ಜೊತೆಗೇ ರಂಗದ ಮೇಲಿದ್ದಾನೆ. ಅಲ್ಲಿ ಪ್ರೇಕ್ಷಕನ ವೇಷದಲ್ಲಿರುವ ವಿಲಿಯಂ ಸ್ಲೈ, ಬಾ, ನನ್ನ ಕಾಲುಗಳ ನಡುವೆ ಕೂತುಕೋ ಎಂದು ಕರೆಯುತ್ತಾನೆ. ಬೇಡಪ್ಪ, ಜನ ನನ್ನನ್ನು ಪಿಟೀಲಿನ ಜಾತಿಯ ವಾದ್ಯವೆಂದುಕೊಂಡಾರು, ನೀನು ನನ್ನನ್ನು ನುಡಿಸುತ್ತಿದ್ದೀಯೆಂದು ತಿಳಿದಾರು ಎನ್ನುತ್ತಾನೆ ಸಿಂಕ್ಲೋ. (ಆಗಿನ ವಿಯೋಲ್ ವಾದ್ಯವನ್ನು ಮೊಣಕಾಲುಗಳ ನಡುವೆ ಹಿಡಿದು ನುಡಿಸುತ್ತಿದ್ದರು.) ತನ್ನ ಬಡಕಲು ಮೈಯನ್ನು ತಾನೇ ಆಡಿಕೊಳ್ಳುವಷ್ಟರ ಮಟ್ಟಿಗೆ ಅವನು ಪ್ರೇಕ್ಷಕರಿಗೆ ಪರಿಚಿತನಾಗಿದ್ದನೆಂದಾಯಿತು.

1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳ ಸಂಪುಟ ಹೊರಬಂದಾಗ ಅದರ ಮೊದಲಲ್ಲಿ 26 ಪ್ರಧಾನ ನಟರ ಹೆಸರುಗಳನ್ನು ಅಚ್ಚುಹಾಕಲಾಯಿತು. ಸಿಂಕ್ಲೋ ಅದರಲ್ಲಿಲ್ಲ. ಆದರೆ ಅದೇ ಸಂಪುಟದ ‘ದಿ ಟೇಮಿಂಗ್ ಆಫ್ ದಿ ಶ್ರೂ’ ತೆರೆದರೆ, ಪೀಠಿಕೆಯಲ್ಲಿ ಬರುವ ಅಲೆಮಾರಿ ನಟನೊಬ್ಬನ ಒಂದೇ ಸಾಲಿನ ಮಾತಿನ ಮುಂದೆ ಅವನ ಹೆಸರಿದೆ.